ಹಳ್ಳಿಗೆ ಮರಳಿದ ಕಾರ್ಮಿಕನಿಗೆ ಯಾವ ಆರೋಗ್ಯ ವಿಮೆ?

(ನಿವೃತ್ತ ಗಿರಣಿ ಕಾರ್ಮಿಕರೂ ಸಣ್ಣ ವರ್ತಕರೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾವು ಮಾತನಾಡಲಿರುವ ವಿಷಯ ರಾಜಕೀಯದ್ದಲ್ಲವೆಂದು ಕೆಲವರು ಹೇಳಬಹುದು. ಮುಪ್ಪಿನ ಕಾಯಿಲೆ, ಅದರ ಖರ್ಚು, ಆ ಖರ್ಚಿಗೆಂದು ಮಾಡಿಸುವ ವಿಮೆ, ಇವೆಲ್ಲ ಅವರವರ ಮನೆಯ ಮಾತುಗಳಲ್ಲವೇ, ಇದಕ್ಕೆ ಪಕ್ಷದ ವೇದಿಕೆ ಏಕೆ ಎಂದು ಕೇಳಬಹುದು. ಮನೆಯ ಮಾತು ಹೌದು. ಆದರೆ ಮೂವತ್ತು ವರ್ಷ ಗಿರಣಿಯಲ್ಲಿ ದುಡಿದವನ ಗಂಟು ಹದಿನೈದು ದಿನಗಳಲ್ಲಿ ಆಸ್ಪತ್ರೆಯ ಗಲ್ಲಾಪೆಟ್ಟಿಗೆ ಸೇರುವುದಾದರೆ ಅದು ಬರಿಯ ಮನೆಯ ಮಾತಾಗಿ ಉಳಿಯುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಗ್ರಾಚ್ಯುಯಿಟಿಯ ನಿಯಮದ ಪ್ರಕಾರ ಪ್ರತಿಯೊಂದು ವರ್ಷದ ದುಡಿಮೆಗೆ ಹದಿನೈದು ದಿನಗಳ ಕೂಲಿ ಸಿಗುತ್ತದೆ. ತಿಂಗಳನ್ನು 26 ದಿನವೆಂದು ಎಣಿಸುತ್ತಾರೆ. ಕೊನೆಯ ಪಗಾರ 18,000 ರೂಪಾಯಿ, ಸೇವೆ 30 ವರ್ಷ ಎಂದಿಟ್ಟುಕೊಂಡರೆ ಬರುವ ಹಣ ಸುಮಾರು 3 ಲಕ್ಷ 11 ಸಾವಿರ. ಇದು ಒಬ್ಬ ಮನುಷ್ಯನ ಜೀವಮಾನದ ಉಳಿಕೆ. ಇದರ ಮೇಲೆ ನೌಕರರ ಪಿಂಚಣಿ ಯೋಜನೆಯಿಂದ ತಿಂಗಳು ತಿಂಗಳು ಬರುವ ಪಿಂಚಣಿ. 2014ರ ಸೆಪ್ಟೆಂಬರಿನಲ್ಲಿ ಅದರ ಕನಿಷ್ಠ ಮೊತ್ತವನ್ನು 1,000 ರೂಪಾಯಿ ಎಂದು ನಿಗದಿ ಮಾಡಿದರು. ಈ ಎರಡನ್ನು ಹಿಡಿದುಕೊಂಡು ಕಾರ್ಮಿಕನು ಪಟ್ಟಣದ ಬಾಡಿಗೆ ಮನೆ ಬಿಟ್ಟು ಹುಟ್ಟಿದ ಹಳ್ಳಿಗೆ ಹೋಗುತ್ತಾನೆ. ಅಲ್ಲಿ ಬಾಡಿಗೆ ಇಲ್ಲ, ಜೋಳವೋ ರಾಗಿಯೋ ಮನೆಯಲ್ಲಿಯೇ ಉಂಟು. ಆದರೆ ಆಸ್ಪತ್ರೆ ಇಲ್ಲ.

ಗ್ರಾಚ್ಯುಯಿಟಿ ಕೈಗೆ ಬಂದ ವಾರವೇ ವಿಮೆಯ ಏಜೆಂಟರು ಮನೆಗೆ ಬರುತ್ತಾರೆ. ಅವರೂ ಹೊಟ್ಟೆಪಾಡಿಗೆ ಓಡಾಡುವವರೇ; ಅವರ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಅವರು ಮಾರುವುದು ಅವರ ಚೀಲದಲ್ಲಿರುವ ಪಾಲಿಸಿಯನ್ನು. ನಿಮ್ಮ ಪೆಟ್ಟಿಗೆಯಲ್ಲಿ ಆಗಲೇ ಯಾವ ಕಾರ್ಡು ಇದೆ, ಯಾವ ಹಕ್ಕು ಇದೆ ಎಂದು ಅವರು ಕೇಳಬೇಕಾಗಿಲ್ಲ. ಅದನ್ನು ಕೇಳಬೇಕಾದವರು ನಾವು. ಆದಕಾರಣ ಇಂದು ನಾವು ಹೇಳಬೇಕೆಂದಿರುವುದು ಒಂದೇ ಮಾತು: ಮೇಲುವಿಮೆ ಕೊಳ್ಳುವ ಮುಂಚೆ ಕೆಳಗಿನ ನೆಲ ಗಟ್ಟಿಮಾಡಿಕೊಳ್ಳಿ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ ತಪ್ಪಿದರೆ ಹಣವೂ ಹೋಗುತ್ತದೆ, ರಕ್ಷಣೆಯೂ ಸಿಗುವುದಿಲ್ಲ.

ಖರ್ಚು ಮೂರು ಬಗೆ

ಮುಪ್ಪಿನ ಕಾಯಿಲೆಯ ಖರ್ಚು ಮೂರು ಬಗೆಯದು. ಮೊದಲನೆಯದು ದಿನದಿನದ ಗುಳಿಗೆ: ರಕ್ತದೊತ್ತಡಕ್ಕೆ, ಸಕ್ಕರೆ ಕಾಯಿಲೆಗೆ, ಹತ್ತಿಯ ಧೂಳು ಕುಡಿದ ಎದೆಯ ಉಬ್ಬಸಕ್ಕೆ. ಇದು ಸಾಯುವವರೆಗೂ ನಿಲ್ಲದ ಖರ್ಚು. ಎರಡನೆಯದು ಆಸ್ಪತ್ರೆಯ ಹಾಸಿಗೆ: ಹೃದಯದ ಆಪರೇಷನ್, ಮೂಳೆ ಮುರಿತ, ಮೂತ್ರಪಿಂಡದ ತೊಂದರೆ. ಇದು ಅಪರೂಪಕ್ಕೆ ಬರುತ್ತದೆ. ಬಂದಾಗ ಮನೆಯನ್ನು ಗುಡಿಸಿಕೊಂಡು ಹೋಗುತ್ತದೆ. ಮೂರನೆಯದು ಹಳ್ಳಿಯವರಿಗೇ ಮೀಸಲಾದ ಖರ್ಚು: ಬಸ್ಸು, ಬಾಡಿಗೆ ಕಾರು, ಪಟ್ಟಣದಲ್ಲಿ ಊಟ, ಜೊತೆಗೆ ಬಂದ ಮಗನ ಕಳೆದುಹೋದ ಕೂಲಿ.

ಖಾಸಗಿ ವಿಮೆಯ ಸಾಮಾನ್ಯ ಪಾಲಿಸಿ ಕೊಡುವುದು ಎರಡನೆಯದಕ್ಕೆ ಮಾತ್ರ. ಆಸ್ಪತ್ರೆಯಲ್ಲಿ ಮಲಗಿದರೆ ಹಣ. ಮನೆಯಲ್ಲಿ ಗುಳಿಗೆ ನುಂಗಿದರೆ ಇಲ್ಲ. ಆಸ್ಪತ್ರೆ ಸೇರುವ ಮುಂಚಿನ ಕೆಲವು ದಿನಗಳ, ಬಿಟ್ಟ ನಂತರದ ಕೆಲವು ದಿನಗಳ ಔಷಧಕ್ಕೆ ಕೊಡುತ್ತಾರೆ, ಅಷ್ಟೇ. ಇದನ್ನು ತಿಳಿಯದೆ ವರ್ಷಕ್ಕೆ ಸಾವಿರಾರು ರೂಪಾಯಿ ಕಂತು ಕಟ್ಟಿ, ಗುಳಿಗೆಯ ಚೀಟಿ ಹಿಡಿದುಕೊಂಡು ಕಂಪನಿಯ ಕಚೇರಿಗೆ ಹೋಗಿ ಬರಿಗೈಯಲ್ಲಿ ಹಿಂದಿರುಗಿದವರು ಬಹಳ ಮಂದಿ.

ಮೊದಲು ಇ.ಎಸ್.ಐ.

ಮೂರು ಬಗೆಯ ಖರ್ಚಿನಲ್ಲಿ ಗುಳಿಗೆಯ ಖರ್ಚನ್ನೂ ಹೊರುವ ವ್ಯವಸ್ಥೆ ನಮ್ಮ ಕಾರ್ಮಿಕರಿಗೆ ಒಂದೇ ಒಂದು ಉಂಟು. ಅದು ನೌಕರರ ರಾಜ್ಯ ವಿಮೆ, ಎಂದರೆ ಇ.ಎಸ್.ಐ. ಅದು ಯಾರೂ ಕೊಟ್ಟ ದಾನವಲ್ಲ. ಪ್ರೊಫೆಸರ್ ಬಿ.ಪಿ. ಅಡಾರ್ಕರರು 1944ರಲ್ಲಿ ವರದಿ ಬರೆದರು, 1948ರಲ್ಲಿ ಕಾಯಿದೆಯಾಯಿತು, 1952ರ ಫೆಬ್ರವರಿ 24ರಂದು ಕಾನಪುರ ಮತ್ತು ದೆಹಲಿಗಳಲ್ಲಿ ಕೆಲಸ ಆರಂಭವಾಯಿತು. ಅಂದಿನಿಂದ ಕಾರ್ಮಿಕನ ಕೂಲಿಯಿಂದ ಒಂದು ಪಾಲು, ಮಾಲಿಕನಿಂದ ಒಂದು ಪಾಲು ಅದಕ್ಕೆ ಹೋಗುತ್ತಿದೆ. 2019ರ ಜುಲೈಯಿಂದ ಕಾರ್ಮಿಕನ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲಿಕನ ಪಾಲು ಮೂರೂಕಾಲು ರೂಪಾಯಿ.

ಕೆಲಸ ಬಿಟ್ಟ ದಿನವೇ ಇ.ಎಸ್.ಐ. ಮುಗಿಯಿತೆಂದು ನಮ್ಮ ಬಹುಪಾಲು ಜನ ತಿಳಿದಿದ್ದಾರೆ. ಅದು ತಪ್ಪು ತಿಳಿವಳಿಕೆ. ಕನಿಷ್ಠ ಐದು ವರ್ಷ ವಿಮೆಯಲ್ಲಿದ್ದು, ನಿವೃತ್ತಿಯ ವಯಸ್ಸಿಗೆ ಬಂದು, ಇಲ್ಲವೆ ಸ್ವಯಂ ನಿವೃತ್ತಿ ಪಡೆದು, ಇಲ್ಲವೆ ಅವಧಿಗೆ ಮುಂಚೆಯೇ ನಿವೃತ್ತನಾಗಿ ಹೊರಬಂದವನಿಗೂ ಅವನ ಹೆಂಡತಿಗೂ (ಕೆಲಸ ಮಾಡಿದವಳು ಹೆಂಗಸಾದರೆ ಅವಳಿಗೂ ಗಂಡನಿಗೂ) ವೈದ್ಯಕೀಯ ನೆರವನ್ನು ಮುಂದುವರಿಸುವ ನಿಯಮವುಂಟು. ಅದಕ್ಕೆ ನಿಯಮ ಇಟ್ಟ ಹಣ ತಿಂಗಳಿಗೆ 10 ರೂಪಾಯಿಯಂತೆ ವರ್ಷಕ್ಕೆ 120 ರೂಪಾಯಿ. ಗಂಡಹೆಂಡಿರಿಬ್ಬರಿಗೂ ಸೇರಿ ಒಂದು ವರ್ಷಕ್ಕೆ ನೂರಿಪ್ಪತ್ತು! ಇದಕ್ಕೆ ವಯಸ್ಸಿನ ಮಿತಿಯಿಲ್ಲ, ಸಕ್ಕರೆ ಕಾಯಿಲೆ ಇದೆಯೆಂದು ಹೊರಗಿಡುವುದಿಲ್ಲ. ಯಾವ ಕಂಪನಿಯೂ ಇಂಥ ಪಾಲಿಸಿಯನ್ನು ಮಾರುವುದಿಲ್ಲ, ಮಾರಲಾರದು.

ಆದರೆ ಕೇಳದೆ ಸಿಗುವುದಿಲ್ಲ. ಗಿರಣಿಯಿಂದ ಹೊರಬರುವಾಗ ಕೊಡುವ ಕಾಗದದಲ್ಲಿ ನಿವೃತ್ತಿ ಎಂದೋ ಸ್ವಯಂ ನಿವೃತ್ತಿ ಎಂದೋ ಸ್ಪಷ್ಟವಾಗಿ ಬರೆಸಿಕೊಳ್ಳಬೇಕು. ಸುಮ್ಮನೆ ‘ಕೆಲಸ ಬಿಟ್ಟರು’ ಎಂದು ಬರೆದರೆ ಆ ಎರಡು ಶಬ್ದ ನಿಮ್ಮ ಮುಪ್ಪಿನ ಔಷಧವನ್ನೇ ಕಿತ್ತುಕೊಳ್ಳಬಹುದು. ವಿಮಾ ಸಂಖ್ಯೆಯ ಕಾರ್ಡು, ಆಧಾರ್, ಗಂಡಹೆಂಡಿರ ಭಾವಚಿತ್ರ ಇಟ್ಟುಕೊಂಡು ಇ.ಎಸ್.ಐ. ಶಾಖಾ ಕಚೇರಿಗೆ ಹೋಗಿ. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು 1948ರ ಕಾಯಿದೆ ಅದರೊಳಗೆ ಸೇರಿರುವುದರಿಂದ, ಯಾವ ನಮೂನೆ, ಎಷ್ಟು ಹಣ ಎಂಬುದನ್ನು ಕಿಟಕಿಯಲ್ಲಿ ಕೇಳಿಯೇ ತುಂಬಿ. ವರ್ಷ ತುಂಬುವ ಮುಂಚೆ ಮತ್ತೆ ಕಟ್ಟಿ. ಊರಿನಲ್ಲಿ ಹಬ್ಬದ ದಿನ ನೆನಪಿರುವಂತೆ ಈ ದಿನವೂ ನೆನಪಿರಲಿ.

ಪಗಾರ ಮಿತಿ ದಾಟಿತೆಂದು ಇ.ಎಸ್.ಐ.ಯಿಂದ ಹೊರಬಿದ್ದವರೂ ಇಲ್ಲಿ ಇರಬಹುದು. 2017ರಿಂದ ಆ ಮಿತಿ 21,000 ರೂಪಾಯಿ. ಅಂಥವರ ವಿಷಯದಲ್ಲಿ ನಿಗಮವು 2024ರ ಫೆಬ್ರವರಿಯಲ್ಲಿ ಒಂದು ನಿರ್ಧಾರ ಮಾಡಿತು. 2012ರ ಏಪ್ರಿಲ್ 1ರ ನಂತರ ಕನಿಷ್ಠ ಐದು ವರ್ಷ ವಿಮೆಯಲ್ಲಿದ್ದು, 2017ರ ಏಪ್ರಿಲ್ 1ರಂದು ಅಥವಾ ಆಮೇಲೆ ನಿವೃತ್ತರಾಗಿ, ಪಗಾರ 30,000 ರೂಪಾಯಿ ಮೀರದವರಿಗೂ ವೈದ್ಯಕೀಯ ನೆರವು ಕೊಡಬೇಕೆಂದು. ಹಳೆಯ ಕಾರ್ಡನ್ನು ಹರಿದು ಒಲೆಗೆ ಹಾಕಿರದಿದ್ದರೆ ಹುಡುಕಿ ತೆಗೆಯಿರಿ.

ಇ.ಎಸ್.ಐ.ಯ ಕೊರತೆಯನ್ನೂ ಮುಚ್ಚಿಡಬೇಕಾಗಿಲ್ಲ. ಆಸ್ಪತ್ರೆಗಳಿರುವುದು ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ದಾಂಡೇಲಿ, ಮೈಸೂರು, ಮಂಗಳೂರು, ಬೆಂಗಳೂರುಗಳಂಥ ಕೈಗಾರಿಕೆಯ ಊರುಗಳಲ್ಲಿ. ಜಗಳೂರಿನ ಕಡೆಯ ಹಳ್ಳಿಯವನು ಗುಳಿಗೆಗಾಗಿ ದಾವಣಗೆರೆಗೆ ಬಂದು ಹೋಗಬೇಕೆಂದರೆ ಒಂದು ದಿನ ಮುಗಿಯಿತು. ಆದರೂ ಬಿಡಬಾರದು. ಸಂತೆಯ ದಿನವೋ ಪಿಂಚಣಿಯ ಕೆಲಸಕ್ಕೆ ಬಂದ ದಿನವೋ ತಿಂಗಳ ಔಷಧ ತೆಗೆದುಕೊಂಡು ಹೋಗುವ ಏರ್ಪಾಡು ಮಾಡಿಕೊಳ್ಳಬಹುದು. ತಜ್ಞರ ಚಿಕಿತ್ಸೆಗೆ ಬೇರೆ ಆಸ್ಪತ್ರೆಗೆ ಕಳಿಸುವ ಅನುಕೂಲ ನಿವೃತ್ತರಿಗೆ ಎಷ್ಟರಮಟ್ಟಿಗೆ ಉಂಟೆಂಬುದನ್ನು ಮಾತ್ರ ಮೊದಲೇ ವೈದ್ಯಾಧಿಕಾರಿಗಳಲ್ಲಿ ಕೇಳಿಕೊಳ್ಳಿ. ಅಲ್ಲಿ ಕೊರತೆಯಿದ್ದರೆ ಎರಡನೆಯ ಆಸರೆ ಬೇಕಾಗುತ್ತದೆ.

ಎರಡನೆಯದು ಸರ್ಕಾರದ ಕಾರ್ಡು

ಆ ಎರಡನೆಯ ಆಸರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ. ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆ 2018ರ ಮಾರ್ಚಿಯಲ್ಲಿ ಬಂತು, ಕೇಂದ್ರದ ಯೋಜನೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಂತು, ಅಕ್ಟೋಬರಿನಲ್ಲಿ ಎರಡನ್ನೂ ಕೂಡಿಸಿದರು. ಬಿ.ಪಿ.ಎಲ್. ಪಡಿತರ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ. ಎ.ಪಿ.ಎಲ್. ಚೀಟಿಯವರಿಗೆ ಯೋಜನೆ ಗೊತ್ತುಮಾಡಿದ ದರದಲ್ಲಿ ನೂರಕ್ಕೆ ಮೂವತ್ತು ಪಾಲು, ಅದೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಉಳಿದ ಎಪ್ಪತ್ತು ಪಾಲು ಅವರೇ ಕೊಡಬೇಕು.

ಈ ಎರಡು ಸಾಲುಗಳ ನಡುವಿನ ಅಂತರವನ್ನು ಗಮನಿಸಿ. ಗೊತ್ತುಮಾಡಿದ ದರ ಒಂದು ಲಕ್ಷವಿದ್ದರೆ ಬಿ.ಪಿ.ಎಲ್. ಚೀಟಿಯವನು ಏನೂ ಕೊಡಬೇಕಾಗಿಲ್ಲ, ಎ.ಪಿ.ಎಲ್.ನವನು 70,000 ಕೊಡಬೇಕು. ಆದಕಾರಣ ಪಡಿತರ ಚೀಟಿ ಬರಿಯ ಅಕ್ಕಿಯ ಚೀಟಿಯಲ್ಲ, ಅದು ಆಸ್ಪತ್ರೆಯ ಚೀಟಿಯೂ ಹೌದು. 2024ರ ನವೆಂಬರಿನಲ್ಲಿ ಬಿ.ಪಿ.ಎಲ್. ಚೀಟಿಗಳ ಪರಿಷ್ಕರಣೆಯಿಂದ ರಾಜ್ಯದಲ್ಲೆಲ್ಲ ಗದ್ದಲವೆದ್ದದ್ದು ಇದಕ್ಕೇ. ನಿಮ್ಮ ಹೆಸರು ಈಗ ಯಾವ ಚೀಟಿಯಲ್ಲಿದೆ? ಪಟ್ಟಣದ ಚೀಟಿಯಲ್ಲಿಯೋ, ಹಳ್ಳಿಯಲ್ಲಿರುವ ಮಗನ ಚೀಟಿಯಲ್ಲಿಯೋ? ಎಲ್ಲಿಂದಲೋ ತೆಗೆದು ಇನ್ನೆಲ್ಲಿಯೂ ಸೇರಿಸದೆ ನಡುವೆ ಬಿದ್ದುಹೋಗಿದೆಯೋ? ಪಟ್ಟಣ ಬಿಟ್ಟು ಹಳ್ಳಿಗೆ ಹೋದ ನಿವೃತ್ತರಿಗೆ ಆಗುವ ದೊಡ್ಡ ತೊಂದರೆ ಇದೇ. ಜ್ವರ ಬರುವ ಮುಂಚೆ ಇದನ್ನು ಸರಿಪಡಿಸಿಕೊಳ್ಳಿ.

ಈ ಯೋಜನೆಯಲ್ಲಿ ದಾರಿ ಹಿಡಿಯುವ ಕ್ರಮವೂ ಮುಖ್ಯ. ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆಗದ ಚಿಕಿತ್ಸೆಯಾದರೆ ಅಲ್ಲಿಂದ ಶಿಫಾರಸು ಪತ್ರ ಪಡೆದು ಯೋಜನೆಗೆ ಸೇರಿದ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಜೀವಕ್ಕೆ ಅಪಾಯವಾದ ತುರ್ತಿನಲ್ಲಿ ಮಾತ್ರ, ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ, ನೇರವಾಗಿ ಹೋಗಬಹುದು. ಪತ್ರವಿಲ್ಲದೆ ಖಾಸಗಿ ಆಸ್ಪತ್ರೆ ಸೇರಿ, ಆಮೇಲೆ ಕಾರ್ಡು ತೋರಿಸಿದರೆ ಕೆಲಸ ಕೆಡುತ್ತದೆ. ಆಸ್ಪತ್ರೆಯಲ್ಲಿ ‘ಆರೋಗ್ಯ ಮಿತ್ರ’ ಎಂಬವರು ಇರುತ್ತಾರೆ. ಹಣ ಕಟ್ಟುವ ಕಿಟಕಿಗೆ ಹೋಗುವ ಮುಂಚೆ ಅವರನ್ನು ಹುಡುಕಿ.

ಎಪ್ಪತ್ತು ದಾಟಿದವರಿಗೆ ಇನ್ನೊಂದು ಮಾತು. 2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರವು ‘ವಯೋ ವಂದನ’ ಕಾರ್ಡನ್ನು ಆರಂಭಿಸಿತು. ಅದಕ್ಕೆ ಆದಾಯದ ಕಟ್ಟಿಲ್ಲ; ಎಪ್ಪತ್ತು ವರ್ಷವಾದವರಿಗೆ 5 ಲಕ್ಷದವರೆಗೆ ರಕ್ಷಣೆಯೆಂದು ಹೇಳಿದೆ. ಇ.ಎಸ್.ಐ. ಇರುವವರೂ ಖಾಸಗಿ ಪಾಲಿಸಿ ಇರುವವರೂ ಅರ್ಹರೇ. ಆದರೆ ದೆಹಲಿಯ ಘೋಷಣೆ ಒಂದು, ನಮ್ಮ ಆಸ್ಪತ್ರೆಯ ಹಾಸಿಗೆ ಇನ್ನೊಂದು. ಯಾವ ಆಸ್ಪತ್ರೆಯಲ್ಲಿ ಮಲಗಬೇಕೆಂದಿದ್ದೀರೋ ಆ ಆಸ್ಪತ್ರೆಯ ಆರೋಗ್ಯ ಮಿತ್ರನಲ್ಲಿ ‘ಈ ಕಾರ್ಡು ಇಲ್ಲಿ ನಡೆಯುತ್ತದೆಯೇ’ ಎಂದು ಕೇಳಿದ ಮೇಲೆಯೇ ಅದನ್ನು ನಂಬಿ ಕೂಡಿ.

ಮೂರನೆಯದು ಸೊಸೈಟಿಯ ಯಶಸ್ವಿನಿ

ಹಳ್ಳಿಯಲ್ಲಿ ಹಾಲಿನ ಡೇರಿಯ ಸಂಘವುಂಟು, ಕೃಷಿ ಪತ್ತಿನ ಸೊಸೈಟಿಯುಂಟು, ಕೆಲವು ಊರುಗಳಲ್ಲಿ ನೇಕಾರರ ಸಂಘವುಂಟು. ಇವುಗಳ ಸದಸ್ಯರಿಗಾಗಿ ಯಶಸ್ವಿನಿ ಯೋಜನೆ 2003ರಲ್ಲಿ ಆರಂಭವಾಯಿತು. ಆಗ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ ಕಂತು. ಸಾವಿರಾರು ರೈತರು ಕೈಗೂಡಿಸಿದರೆ ಹೃದಯದ ಆಪರೇಷನ್ನೂ ಕೈಗೆಟಕುತ್ತದೆಂಬುದನ್ನು ಅದು ತೋರಿಸಿಕೊಟ್ಟಿತು. 2018ರಲ್ಲಿ ಅದನ್ನು ನಿಲ್ಲಿಸಿದರು. ಜನ ಬಿಡದೆ ಕೇಳಿದ್ದರಿಂದ 2023ರ ಜನವರಿಯಿಂದ ಮತ್ತೆ ಬಂತು. ಆಗ ಗೊತ್ತುಮಾಡಿದ ಕಂತು: ಹಳ್ಳಿಯ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಪಟ್ಟಣದ ಕುಟುಂಬಕ್ಕೆ 1,000 ರೂಪಾಯಿ, ಪರಿಶಿಷ್ಟ ಜಾತಿ ಪಂಗಡದವರ ಕಂತನ್ನು ಸರ್ಕಾರವೇ ಕೊಡುತ್ತದೆ. ರಕ್ಷಣೆ ವರ್ಷಕ್ಕೆ 5 ಲಕ್ಷದವರೆಗೆ.

ಇಲ್ಲಿ ಮೂರು ಎಚ್ಚರಿಕೆ. ಒಂದು, ಕಾಯಿಲೆ ಬಂದ ಮೇಲೆ ಓಡಿಹೋಗಿ ಸಂಘದ ಸದಸ್ಯರಾದರೆ ನಡೆಯದು, ಮೊದಲೇ ಸದಸ್ಯರಾಗಿರಬೇಕು. ಎರಡು, ನೋಂದಣಿ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ತೆರೆದಿರುತ್ತದೆ. ಬಾಗಿಲು ಮುಚ್ಚಿದರೆ ಮುಂದಿನ ವರ್ಷವೇ ಗತಿ. ಮೂರು, ಬೇರೆ ವಿಮೆ ಇರುವವರ ವಿಷಯದಲ್ಲಿ ನಿಬಂಧನೆಗಳುಂಟು. ಆ ವರ್ಷದ ನಮೂನೆಯನ್ನು ಓದಿ, ಓದಲು ಬಾರದವರು ಓದಿಸಿ, ಇರುವುದನ್ನು ಇರುವಂತೆಯೇ ಬರೆಯಿರಿ.

ನಾಲ್ಕನೆಯದು ಮೇಲುವಿಮೆ

ಇಷ್ಟಾದ ಮೇಲೆಯೂ ಕೈಯಲ್ಲಿ ನಾಲ್ಕು ಕಾಸು ಉಳಿದಿದ್ದರೆ, ಮಕ್ಕಳು ಕಂತು ಕಟ್ಟುವುದಾಗಿ ಹೇಳಿದರೆ, ಇಲ್ಲವೆ ಎ.ಪಿ.ಎಲ್. ಚೀಟಿಯ ಸಣ್ಣ ವರ್ತಕರಂತೆ ಕೆಳಗಿನ ನೆಲವೇ ತೆಳುವಾಗಿದ್ದರೆ, ಖಾಸಗಿ ಅಥವಾ ಸರ್ಕಾರಿ ವಿಮಾ ಕಂಪನಿಯ ಪಾಲಿಸಿಯ ಯೋಚನೆ ಮಾಡಬಹುದು. ಅಲ್ಲಿಯೂ ಕಣ್ಣು ತೆರೆದು ನಡೆಯಬೇಕು.

2024ರ ಏಪ್ರಿಲ್ 1ರಿಂದ ಒಂದು ಒಳ್ಳೆಯ ಬದಲಾವಣೆಯಾಯಿತು. 65 ದಾಟಿದವರಿಗೆ ಹೊಸ ಪಾಲಿಸಿಯ ಬಾಗಿಲು ಮುಚ್ಚುತ್ತಿದ್ದ ಪದ್ಧತಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ ತೆಗೆದುಹಾಕಿತು. ಬಾಗಿಲು ತೆರೆಯಿತು ನಿಜ. ಆದರೆ ಒಳಗೆ ಬರುವ ಬೆಲೆಯನ್ನು ಕಂಪನಿಯೇ ಹೇಳುತ್ತದೆ. 2025ರ ಜನವರಿಯಲ್ಲಿ ಇನ್ನೊಂದು ಆಜ್ಞೆಯಾಯಿತು. ಹಿರಿಯ ನಾಗರಿಕರ ಕಂತನ್ನು ವರ್ಷಕ್ಕೆ ನೂರಕ್ಕೆ ಹತ್ತಕ್ಕಿಂತ ಹೆಚ್ಚಿಸಬೇಕಾದರೆ ಮೊದಲು ಪ್ರಾಧಿಕಾರದೊಂದಿಗೆ ಸಮಾಲೋಚಿಸಬೇಕು. 2025ರ ಸೆಪ್ಟೆಂಬರ್ 22ರಿಂದ, ಅದುವರೆಗೆ ನೂರಕ್ಕೆ ಹದಿನೆಂಟರಂತೆ ಇದ್ದ ಜಿ.ಎಸ್.ಟಿ. ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲೆ ಇಲ್ಲವಾಯಿತು. ಆಮೇಲೆಯೂ ಯಾರಾದರೂ ಆ ತೆರಿಗೆ ಸೇರಿಸಿ ಚೀಟಿ ಬರೆದರೆ ಏಕೆಂದು ಕೇಳಿ.

ಕೊಳ್ಳುವ ಮುಂಚೆ ಐದು ಪ್ರಶ್ನೆ ಕೇಳಬೇಕು. ಮೊದಲನೆಯದು: ಈಗಿರುವ ಕಾಯಿಲೆಗೆ ಎಂದಿನಿಂದ ಹಣ ಕೊಡುತ್ತೀರಿ? ಬೆಂಕಿ ಬಿದ್ದ ಮೇಲೆ ಬಾವಿ ತೋಡಬಾರದೆಂದು ನಾವು ಹೇಳುತ್ತೇವೆ. ಕಂಪನಿಯವರು ಬಾವಿ ತೋಡಿದ ಮೇಲೂ ನೀರಿಗೆ ಮೂರು ವರ್ಷ ಕಾಯಿರಿ ಎನ್ನುತ್ತಾರೆ. ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ 36 ತಿಂಗಳು ಎಂದು 2024ರಲ್ಲಿ ಕಟ್ಟು ಮಾಡಿದ್ದಾರೆ. ಮುಂಚೆ ಅದು 48 ತಿಂಗಳಿತ್ತು. 72 ವರ್ಷದವರಿಗೆ ಮೂರು ವರ್ಷವೆಂದರೆ ಬಹು ದೊಡ್ಡ ಅವಧಿ. ಅಷ್ಟು ವರ್ಷ ಕಟ್ಟುವ ಕಂತನ್ನು ಕೂಡಿಸಿ ನೋಡಿ. ಅದನ್ನು ಅಂಚೆ ಕಚೇರಿಯಲ್ಲಿ ಇಟ್ಟರೆ ಎಷ್ಟಾಗುತ್ತದೆಂದೂ ನೋಡಿ.

ಎರಡನೆಯದು: ನನ್ನ ಕಾಯಿಲೆಯನ್ನು ನಮೂನೆಯಲ್ಲಿ ಬರೆದಿದ್ದೀರಾ? ‘ಸಕ್ಕರೆ ಕಾಯಿಲೆ ಎಂದು ಬರೆದರೆ ಕಂತು ಹೆಚ್ಚಾಗುತ್ತದೆ, ಇಲ್ಲವೆಂದು ಬರೆಯೋಣ’ ಎನ್ನುವವರ ಮಾತು ಕೇಳಬೇಡಿ. ಇಂದು ಉಳಿಸುವ ಎರಡು ಸಾವಿರ, ನಾಳೆ ಎರಡು ಲಕ್ಷದ ಬೇಡಿಕೆಯನ್ನು ತಳ್ಳಿಹಾಕಲು ಕಂಪನಿಗೆ ಕೊಟ್ಟ ಆಯುಧ. ನಿಜವನ್ನೇ ಬರೆಸಿ, ನಮೂನೆಯ ಪ್ರತಿಯೊಂದನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.

ಮೂರನೆಯದು: ದಿನಕ್ಕೆ ಎಷ್ಟು ಬಾಡಿಗೆಯ ಕೋಣೆ? ಇದರಲ್ಲಿ ಬಹಳ ಜನ ಮೋಸಹೋಗುತ್ತಾರೆ. 2020ರ ಏಪ್ರಿಲಿನಲ್ಲಿ ‘ಆರೋಗ್ಯ ಸಂಜೀವನಿ’ ಎಂಬ, ಎಲ್ಲ ಕಂಪನಿಗಳಲ್ಲಿಯೂ ಒಂದೇ ಷರತ್ತಿನ ಪಾಲಿಸಿ ಬಂತು. ಕಂಪನಿಯಿಂದ ಕಂಪನಿಗೆ ಕಂತು ಮಾತ್ರ ಬೇರೆ. ಓದಲು ಸುಲಭವಾದ್ದರಿಂದ ಅದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರಲ್ಲಿ ಕೋಣೆಯ ಬಾಡಿಗೆ ವಿಮಾ ಮೊತ್ತದ ನೂರಕ್ಕೆ ಎರಡು, ಹೆಚ್ಚೆಂದರೆ ದಿನಕ್ಕೆ 5,000. ಬಂದ ಬಿಲ್ಲಿನಲ್ಲಿ ನೂರಕ್ಕೆ ಐದು ಪಾಲು ರೋಗಿಯದು. ನಿಮ್ಮ ಪಾಲಿಸಿ 2 ಲಕ್ಷದ್ದಾದರೆ ಕೋಣೆಗೆ ದಿನಕ್ಕೆ 4,000. ಆಸ್ಪತ್ರೆಯವರು 8,000ದ ಕೋಣೆಗೆ ಹಾಕಿದರು, ಐದು ದಿನ ಇದ್ದಿರಿ ಎಂದಿಟ್ಟುಕೊಳ್ಳಿ. ಕೋಣೆಗೆ 40,000, ಡಾಕ್ಟರು ಆಪರೇಷನ್ನಿಗೆ 80,000, ಔಷಧಕ್ಕೆ 30,000, ಒಟ್ಟು ಒಂದೂವರೆ ಲಕ್ಷ. ಕೋಣೆ ಮಿತಿಯ ಎರಡರಷ್ಟು ಆದ್ದರಿಂದ ಕಂಪನಿಯು ಕೋಣೆಗೆ ಅರ್ಧ ಕೊಡುತ್ತದೆ, ಅದೇ ಪ್ರಮಾಣದಲ್ಲಿ ಡಾಕ್ಟರ ಬಿಲ್ಲಿಗೂ ಅರ್ಧವೇ ಕೊಡುತ್ತದೆ! ಔಷಧಕ್ಕೆ ಮಾತ್ರ ಪೂರ್ತಿ. ಎಂದರೆ 20,000, 40,000, 30,000, ಒಟ್ಟು 90,000. ಅದರಲ್ಲಿ ನೂರಕ್ಕೆ ಐದು ಕಳೆದರೆ 85,500. ನಿಮ್ಮ ಕೈಯಿಂದ 64,500. ಅದೇ 4,000ದ ಕೋಣೆಯಲ್ಲಿ ಮಲಗಿದ್ದರೆ, ಉಳಿದ ಖರ್ಚು ಅಷ್ಟೇ ಇದ್ದರೂ, ಬಿಲ್ಲು 1,30,000. ನಿಮ್ಮ ಕೈಯಿಂದ ಬರಿಯ 6,500. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಆಸ್ಪತ್ರೆಯ ಹಾಸಿಗೆಗೂ ಸಲ್ಲುತ್ತದೆ.

ನಾಲ್ಕನೆಯದು: ಇದು ಟಾಪ್ ಅಪ್ಪೋ, ಸೂಪರ್ ಟಾಪ್ ಅಪ್ಪೋ? ಈ ಎರಡೂ ಮೇಲುವಿಮೆಗಳು. ಬಿಲ್ಲಿನಲ್ಲಿ ಒಂದು ಗೊತ್ತಾದ ಮೊತ್ತದವರೆಗೆ ನೀವು ಹೊರಬೇಕು, ಅದನ್ನು ಮೀರಿದ್ದನ್ನು ಅವರು ಹೊರುತ್ತಾರೆ. ಅದಕ್ಕೇ ಕಂತು ಕಡಿಮೆ. ಆದರೆ ಎರಡರ ನಡುವೆ ದೊಡ್ಡ ಭೇದವುಂಟು. ಆ ಗೊತ್ತಾದ ಮೊತ್ತ 5 ಲಕ್ಷವೆಂದಿರಲಿ. ವರ್ಷದಲ್ಲಿ ಒಮ್ಮೆ 3 ಲಕ್ಷ, ಇನ್ನೊಮ್ಮೆ 4 ಲಕ್ಷ ಬಿಲ್ಲಾಯಿತೆನ್ನಿ. ಬರಿಯ ಟಾಪ್ ಅಪ್ಪಿನವರು ಒಂದೊಂದು ಬಿಲ್ಲನ್ನೂ ಬೇರೆ ಬೇರೆ ನೋಡುತ್ತಾರೆ. ಯಾವುದೂ ಐದನ್ನು ಮೀರಲಿಲ್ಲ, ಆದ್ದರಿಂದ ಸೊನ್ನೆ. ಸೂಪರ್ ಟಾಪ್ ಅಪ್ಪಿನವರು ವರ್ಷದ ಬಿಲ್ಲುಗಳನ್ನು ಕೂಡಿಸುತ್ತಾರೆ; 7 ಲಕ್ಷದಲ್ಲಿ 5 ಕಳೆದು 2 ಲಕ್ಷ ಕೊಡುತ್ತಾರೆ. ವಯಸ್ಸಾದವರು ವರ್ಷದಲ್ಲಿ ಎರಡು ಮೂರು ಸಲ ಆಸ್ಪತ್ರೆ ಸೇರುವುದೇ ಹೆಚ್ಚು. ಆದ್ದರಿಂದ ಅವರಿಗೆ ಎರಡನೆಯದೇ ಲೇಸು.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಸರ್ಕಾರದ ಕಾರ್ಡಿನಲ್ಲಿ ಚಿಕಿತ್ಸೆಯಾದಾಗ ಹಣ ನಿಮ್ಮ ಕೈಯಿಂದ ಹೋಗುವುದಿಲ್ಲ, ಗೊತ್ತಾದ ದರದಲ್ಲಿ ಆಸ್ಪತ್ರೆಗೆ ನೇರವಾಗಿ ಸಂದಾಯವಾಗುತ್ತದೆ. ಹಾಗಿರುವಾಗ ‘ಐದು ಲಕ್ಷದವರೆಗೆ ಸರ್ಕಾರದ್ದು, ಅದರಾಚೆ ನಮ್ಮದು’ ಎಂದು ಹೇಳಿ ಮೇಲುವಿಮೆ ಮಾರಿದರೆ, ಸರ್ಕಾರ ಕೊಟ್ಟದ್ದನ್ನು ಆ ಐದು ಲಕ್ಷದೊಳಗೆ ಎಣಿಸುತ್ತೀರಾ ಎಂದು ಕೇಳಿ. ಉತ್ತರವನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಬಾಯಿಮಾತಿನ ಹೌದು ಆಸ್ಪತ್ರೆಯ ಕಿಟಕಿಯಲ್ಲಿ ನಡೆಯುವುದಿಲ್ಲ.

ಐದನೆಯದು, ಹಳ್ಳಿಯವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಹಣ ಕಟ್ಟದೆ ಸೇರಿಸಿಕೊಳ್ಳುವ ಆಸ್ಪತ್ರೆ ನಮ್ಮ ತಾಲ್ಲೂಕಿನಲ್ಲಿ ಯಾವುದು? ಪಟ್ಟಿಯಲ್ಲಿ ಸಾವಿರಾರು ಆಸ್ಪತ್ರೆಗಳ ಹೆಸರು ಅಚ್ಚಾಗಿರುತ್ತದೆ. ಅವು ಬೆಂಗಳೂರಿನಲ್ಲಿದ್ದರೆ ನಡುರಾತ್ರಿ ಎದೆ ನೋವು ಬಂದವನಿಗೆ ಏನು ಪ್ರಯೋಜನ? ನಿಮ್ಮ ಊರಿನಿಂದ ಒಂದೆರಡು ಗಂಟೆಯ ದಾರಿಯಲ್ಲಿರುವ ಆಸ್ಪತ್ರೆಗಳ ಹೆಸರನ್ನು ಬೆರಳು ಮಡಚಿ ಎಣಿಸಿ. ಆ ಪಟ್ಟಿಯಲ್ಲಿ ಅವಿಲ್ಲದಿದ್ದರೆ ಆ ಪಾಲಿಸಿ ನಿಮಗಲ್ಲ.

ಪಾಲಿಸಿ ಕೈಗೆ ಬಂದ ಮೇಲೆ ಮೂವತ್ತು ದಿನದೊಳಗೆ ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಬಹುದು. ಆ ಮೂವತ್ತು ದಿನ ಅದನ್ನು ದೇವರ ಗೂಡಿನಲ್ಲಿಡಬೇಡಿ. ಶಾಲೆ ಕಲಿತ ಮೊಮ್ಮಗಳಿಂದ ಓದಿಸಿ. ಹಣ ಕೊಡಲು ಕಂಪನಿ ನಿರಾಕರಿಸಿದರೆ ಮೊದಲು ಕಂಪನಿಗೆ ಬರೆದು ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿಕಾಣದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸಬಹುದು. ಅದಕ್ಕೆ ಫೀಸಿಲ್ಲ, ವಕೀಲರೂ ಬೇಕಾಗಿಲ್ಲ.

ಸಣ್ಣ ವರ್ತಕರಿಗೆ ಒಂದು ಮಾತು

ಕಿರಾಣಿ ಅಂಗಡಿ, ಚಹದಂಗಡಿ, ಬಟ್ಟೆಯ ಮಳಿಗೆ ಇಟ್ಟವರಿಗೆ ಇ.ಎಸ್.ಐ. ಇಲ್ಲ, ಪಿಂಚಣಿಯಿಲ್ಲ, ನಿವೃತ್ತಿಯ ದಿನವೆಂಬುದೇ ಇಲ್ಲ. ಚೀಟಿ ಎ.ಪಿ.ಎಲ್. ಆಗಿದ್ದರೆ ಸರ್ಕಾರದ ನೆರವು ಮೂವತ್ತು ಪಾಲು ಮಾತ್ರ. ಇಂಥವರಿಗೆ ಮೊದಲ ಆಸರೆ ಯಶಸ್ವಿನಿ, ಸಹಕಾರ ಸಂಘದ ಸದಸ್ಯತ್ವ ಇದ್ದರೆ. ಅದಕ್ಕೆ ಅರ್ಹತೆಯಿಲ್ಲದವರು, ಅಂಗಡಿ ನಡೆಯುತ್ತಿರುವಾಗಲೇ, ಐವತ್ತರ ಒಳಗೇ, ಸಾಧಾರಣ ಮೊತ್ತದ ಪಾಲಿಸಿಯನ್ನು ಮಾಡಿಸಿ ಮುರಿಯದೆ ನಡೆಸಿಕೊಂಡು ಬರಬೇಕು. ಐದು ವರ್ಷ, ಎಂದರೆ 60 ತಿಂಗಳು, ಬಿಡದೆ ನಡೆದ ಪಾಲಿಸಿಯನ್ನು ಮೋಸ ಸಾಬೀತಾದ ಹೊರತು ‘ಆಗ ಇದನ್ನು ಹೇಳಲಿಲ್ಲ’ ಎಂದು ಕಂಪನಿ ಕೆದಕುವಂತಿಲ್ಲ. ಅರವತ್ತಕ್ಕೆ ಕೊಳ್ಳುವುದಕ್ಕಿಂತ ಐವತ್ತಕ್ಕೆ ಕೊಂಡು ಕಾಯುವ ಅವಧಿಯನ್ನು ಆರೋಗ್ಯ ಇರುವಾಗಲೇ ಮುಗಿಸುವುದು ಲಾಭದ ವ್ಯಾಪಾರ. ಇದು ವರ್ತಕರಿಗೆ ನಾವು ಹೇಳಿಕೊಡಬೇಕಾದ ಲೆಕ್ಕವಲ್ಲ.

ವಿಮೆಯಿಂದ ಆಗದ ಕೆಲಸ

ಸಂಗಾತಿಗಳೇ, ಇಷ್ಟೆಲ್ಲ ಹೇಳಿದ ಮೇಲೆ ಒಂದು ನಿಜವನ್ನು ಹೇಳದೆ ಕೂತುಕೊಳ್ಳುವುದು ಸರಿಯಲ್ಲ. ವಿಮೆಯ ಕಾರ್ಡು ಆಸ್ಪತ್ರೆಯಲ್ಲ. ಡಾಕ್ಟರಿಲ್ಲದ ಊರಿನಲ್ಲಿ ಐದು ಲಕ್ಷದ ಕಾರ್ಡು ಕಿಸೆಯಲ್ಲಿದ್ದರೂ ಒಂದು ಗುಳಿಗೆ ಹುಟ್ಟುವುದಿಲ್ಲ. ಸ್ವಾತಂತ್ರ್ಯಕ್ಕೆ ಒಂದು ವರ್ಷ ಮುಂಚೆಯೇ, 1946ರಲ್ಲಿ, ಭೋರ್ ಸಮಿತಿ ಒಂದು ತತ್ವವನ್ನು ಮುಂದಿಟ್ಟಿತು: ಹಣ ಕೊಡಲಾರದವನೆಂಬ ಕಾರಣಕ್ಕೆ ಯಾರಿಗೂ ತಕ್ಕ ಚಿಕಿತ್ಸೆ ತಪ್ಪಬಾರದು. ವೈದ್ಯಕೀಯ ಸೇವೆ ಹಳ್ಳಿಯ ದುಡಿಯುವವನ ಹತ್ತಿರ ಹೋಗಬೇಕೆಂದೂ ಅದು ಹೇಳಿತು. ಆ ಮಾತಿಗೆ ಎಂಬತ್ತು ವರ್ಷವಾಯಿತು. ಈಗ ನಾವು ಕಾರ್ಡುಗಳನ್ನು ಎಣಿಸುತ್ತ ಕುಳಿತಿದ್ದೇವೆ.

ವಿಮೆ ಬೇಡವೆಂದು ನಾವು ಹೇಳುತ್ತಿಲ್ಲ. ಮನೆ ಸೋರುವಾಗ ಮಾಡು ಹೊದಿಸುವವರೆಗೆ ಪಾತ್ರೆಯಿಡಲೇಬೇಕು. ಆದರೆ ಪಾತ್ರೆಯಿಟ್ಟು ಮಾಡನ್ನು ಮರೆಯಕೂಡದು. ಆದಕಾರಣ ನಮ್ಮ ಬೇಡಿಕೆಗಳು ಇವು: ನಿವೃತ್ತ ಕಾರ್ಮಿಕರು ಹೆಚ್ಚಾಗಿರುವ ತಾಲ್ಲೂಕು ಕೇಂದ್ರಗಳಲ್ಲಿ ಇ.ಎಸ್.ಐ. ಔಷಧಾಲಯ ತೆರೆಯಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಸಕ್ಕರೆ ಕಾಯಿಲೆಗಳ ಗುಳಿಗೆ ತಿಂಗಳು ತಪ್ಪದೆ ಸಿಗಬೇಕು. 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆಯಂತೆ ಮನೆಬಾಗಿಲಿಗೆ ಬಂದು ತಪಾಸಣೆ ಮಾಡಿ ಔಷಧ ಕೊಡುವ ಕೆಲಸ ಪ್ರತಿಯೊಂದು ಹಳ್ಳಿಯಲ್ಲಿಯೂ ನಿಜವಾಗಿ ನಡೆಯಬೇಕು. ಕೆಲಸದ ಕೊನೆಯ ತಿಂಗಳಿನಲ್ಲಿಯೇ ನಿವೃತ್ತನ ಇ.ಎಸ್.ಐ. ನಮೂನೆಯನ್ನು ತುಂಬಿಸಿ ಕಳಿಸುವ ಹೊಣೆ ಗಿರಣಿಯ ಆಡಳಿತದ್ದಾಗಬೇಕು. ಇದರಲ್ಲಿ ಯಾವುದೂ ಆಕಾಶದ ನಕ್ಷತ್ರವಲ್ಲ.

ಬೇಡಿಕೆ ಈಡೇರುವವರೆಗೆ ನಮ್ಮ ಕೈಯಲ್ಲೇ ಆಗುವ ಕೆಲಸವೂ ಉಂಟು. ಈ ಸಭೆಯಲ್ಲಿ ಓದುಬರಹ ಬಲ್ಲ ಯುವಕರು ಇದ್ದೀರಿ. ನಿಮ್ಮ ನಿಮ್ಮ ಬೀದಿಯಲ್ಲಿ, ಹಳ್ಳಿಯಲ್ಲಿ ಇರುವ ನಿವೃತ್ತರ ಪಟ್ಟಿ ಮಾಡಿ. ಒಬ್ಬೊಬ್ಬರಲ್ಲಿಯೂ ನಾಲ್ಕು ಪ್ರಶ್ನೆ ಕೇಳಿ: ಇ.ಎಸ್.ಐ. ಹಣ ಈ ವರ್ಷ ಕಟ್ಟಿದಿರಾ? ಹೆಸರು ಯಾವ ಪಡಿತರ ಚೀಟಿಯಲ್ಲಿದೆ? ಸೊಸೈಟಿಯ ಸದಸ್ಯರೇ? ಪಾಲಿಸಿ ಇದ್ದರೆ ಅದರಲ್ಲಿ ಬರೆದದ್ದನ್ನು ಯಾರಾದರೂ ಓದಿ ಹೇಳಿದ್ದಾರೆಯೇ? ಉತ್ತರ ಇಲ್ಲವೆಂದು ಬಂದ ಕಡೆ ಜೊತೆಗೆ ಹೋಗಿ ಕಿಟಕಿಯ ಮುಂದೆ ನಿಲ್ಲಿ. ಒಬ್ಬಂಟಿಯಾಗಿ ನಿಂತ ಮುದುಕನಿಗೆ ‘ನಾಳೆ ಬಾ’ ಎನ್ನುವ ಗುಮಾಸ್ತನು ಹತ್ತು ಜನ ನಿಂತರೆ ಇಂದೇ ಕಾಗದ ತೆಗೆದುಕೊಳ್ಳುತ್ತಾನೆ.

ಹಿರಿಯರಲ್ಲಿ ನಮ್ಮ ಪ್ರಾರ್ಥನೆ ಇಷ್ಟು. ಗ್ರಾಚ್ಯುಯಿಟಿಯ ಹಣಕ್ಕೆ ಅವಸರಪಡಬೇಡಿ. ನೂರಿಪ್ಪತ್ತು ರೂಪಾಯಿಯ ಹಕ್ಕನ್ನು ಬಿಟ್ಟು ಇಪ್ಪತ್ತು ಸಾವಿರದ ಪಾಲಿಸಿಗೆ ಸಹಿ ಹಾಕಬೇಡಿ. ಮೊದಲು ಇ.ಎಸ್.ಐ., ಆಮೇಲೆ ಸರ್ಕಾರದ ಕಾರ್ಡು, ಆಮೇಲೆ ಸೊಸೈಟಿಯ ಯಶಸ್ವಿನಿ, ಉಳಿದರೆ ಮೇಲುವಿಮೆ. ಈ ಕ್ರಮವನ್ನು ಮನೆಯಲ್ಲಿ ಹೆಂಡತಿ ಮಕ್ಕಳಿಗೂ ಹೇಳಿಡಿ. ಕಾಯಿಲೆ ಬಿದ್ದ ದಿನ ಕಾಗದ ಹುಡುಕಬೇಕಾದವರು ಅವರೇ.